ಕೈ ಮುಗಿಯದ ಮಗು

ಪತ್ರ ಒಂದೇ ಪುಟದ್ದು. ಬಂಟ್ವಾಳ ತಾಲೂಕಿನ ಒಂದು ಅನುದಾನಿತ ಶಾಲೆಯ ಆಡಳಿತ ಮಂಡಳಿಗೆ ಏಳನೆಯ ತರಗತಿಯ ಹುಡುಗನ ಅಪ್ಪ ಬರೆದದ್ದು. ತಮ್ಮ ಮನೆಯಲ್ಲಿ ಯಾರೂ ದೇವರನ್ನು ನಂಬುವವರಲ್ಲ. ಬೆಳಗಿನ ಪ್ರಾರ್ಥನೆಗೆ ಮಗ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಾನೆ, ಆದರೆ ಕೈ ಮುಗಿಯುವುದಿಲ್ಲ, ಹಾಡುವುದಿಲ್ಲ. ಅದಕ್ಕಾಗಿ ಅವನನ್ನು ಗದರಿಸಬಾರದು. ಇಷ್ಟೇ ಕೋರಿಕೆ. ಸಭೆಯಲ್ಲಿ ಪತ್ರ ಓದಿದಾಗ ಕೆಲವರು ಸಿಟ್ಟಾದರು, ಉಳಿದವರು ಏನೂ ಹೇಳದೆ ಕೂತರು. ಉತ್ತರ ಬರೆಯುವ ಕೆಲಸ ಮಂಡಳಿಯ ಸದಸ್ಯರೂ ನಿವೃತ್ತ ವಿಜ್ಞಾನ ಶಿಕ್ಷಕರೂ ಆದ ಮಾಷ್ಟ್ರ ಪಾಲಿಗೆ ಬಂತು.

ಮಾಷ್ಟ್ರು ಭಕ್ತರು. ಶಿವರಾತ್ರಿಗೆ ಕಾರಿಂಜದ ಬೆಟ್ಟ ಹತ್ತುವವರು, ನಾಗರ ಪಂಚಮಿಗೆ ನಾಗಬನದಲ್ಲಿ ತಂಬಿಲದ ಪೂಜೆ ಮುಗಿದ ಮೇಲೆಯೇ ಊಟಕ್ಕೆ ಕೂರುವವರು. ಅವರು ಸಲಹೆ ಕೇಳಿದ್ದು ಮಾತ್ರ ದೇವರನ್ನು ನಂಬದ ಒಬ್ಬ ಹಳೆಯ ವಿದ್ಯಾರ್ಥಿನಿಯನ್ನು. ಮೂಡಬಿದಿರೆಯ ಜೈನ ಮನೆಯ ಮಗಳು, ಈಗ ಬಿ.ಸಿ.ರೋಡಿನಲ್ಲಿ ವಕೀಲೆ. ಆಕೆಗೆ ಆ ದಿನ ಬೆಳ್ತಂಗಡಿಯ ಕೋರ್ಟಿನಲ್ಲಿ ಕೆಲಸವಿತ್ತು, ಅಲ್ಲಿಂದ ವೇಣೂರಿನ ದಾರಿಯಾಗಿ ತವರಿಗೆ ಹೋಗುವುದಿತ್ತು. ಮಾಷ್ಟ್ರು ಕಾರಿನಲ್ಲಿ ಜೊತೆಯಾದರು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಒಂದು ತ್ರಿಕೋನದ ಮೂರು ಮೂಲೆಗಳು. ಮೊಡಂಕಾಪಿನ ಇಗರ್ಜಿ, ಕಾಜೂರಿನ ದರ್ಗಾ, ಧರ್ಮಸ್ಥಳ, ವೇಣೂರಿನ ಬಾಹುಬಲಿ, ಸಾವಿರ ಕಂಬದ ಬಸದಿ ಎಲ್ಲವೂ ಈ ಸುತ್ತಿನಲ್ಲಿವೆ. ಶಾಲೆಗಳಲ್ಲಿ ಬಹುಪಾಲು ಒಂದಲ್ಲ ಒಂದು ಧರ್ಮದವರ ಕೈಯಿಂದ ಎದ್ದಂಥವು. ಹಾಗಾಗಿ ಶಾಲೆಯಲ್ಲಿ ಧರ್ಮಕ್ಕೆ ಎಷ್ಟು ಜಾಗ ಎಂಬ ಪ್ರಶ್ನೆ ಇಲ್ಲಿ ಪುಸ್ತಕದ್ದಲ್ಲ, ಪ್ರತಿ ಬೆಳಗಿನ ಗಂಟೆಯ ಜೊತೆಗೆ ಬರುವಂಥದ್ದು.

“ನೀನು ಎಂತ ಹೇಳ್ತೀ ಅಂತ ನನಗೆ ಗೊತ್ತುಂಟು, ಹುಡುಗನ ಪರ,” ಎಂದು ಮಾಷ್ಟ್ರೇ ಶುರುಮಾಡಿದರು. “ಆದರೆ ನನ್ನ ಸಂಕಟ ಬೇರೆ. ಪ್ರಾರ್ಥನೆ ಎಂದರೆ ದಿನಕ್ಕೆ ಐದು ನಿಮಿಷ ಇಡೀ ಶಾಲೆ ಒಂದೇ ಸ್ವರದಲ್ಲಿ ನಿಲ್ಲುವುದು. ಒಬ್ಬನಿಗೆ ಬಿಟ್ಟರೆ ನಾಳೆ ಹತ್ತು ಜನ ಕೇಳ್ತಾರೆ. ಮತ್ತೆ ಶಿಸ್ತು ಎಲ್ಲಿ?”

“ಅವನು ಶಿಸ್ತು ಮುರಿದದ್ದು ಎಲ್ಲಿ, ಮಾಷ್ಟ್ರೇ? ಸಾಲಿನಲ್ಲಿ ನಿಂತಿದ್ದಾನೆ, ಗಲಾಟೆ ಇಲ್ಲ. ಕೈ ಕೆಳಗುಂಟು, ಅಷ್ಟೇ.”

ಆಮೇಲೆ ವಕೀಲೆ ಹೇಳಿದ್ದು ಕೇರಳದ ಮೂವರು ಮಕ್ಕಳ ಕಥೆ. 1985ರಲ್ಲಿ ಒಂದು ಶಾಲೆ ಬಿಜೋ ಇಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರನ್ನು ಹೊರಗೆ ಹಾಕಿತು. ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ಅವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರೊಬ್ಬನನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿ ಹಾಡುವುದು ಅವರ ನಂಬಿಕೆಗೆ ವಿರುದ್ಧ. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಮಕ್ಕಳನ್ನು ವಾಪಸು ಸೇರಿಸಿಕೊಳ್ಳಬೇಕೆಂದು ಹೇಳಿತು. ಎದ್ದು ನಿಂತದ್ದೇ ಗೌರವ, ಬಾಯಿ ತೆರೆಸುವ ಅಧಿಕಾರ ಶಾಲೆಗೆ ಇಲ್ಲ ಎಂಬುದು ತೀರ್ಪಿನ ತಿರುಳು.

“ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎಂತದು ಗೊತ್ತುಂಟಾ? ಆ ಮಕ್ಕಳು ನಾಸ್ತಿಕರಲ್ಲ. ನಿಮಗಿಂತ ಗಟ್ಟಿ ನಂಬಿಕೆಯವರು. ನಂಬುವವರು ಗೆದ್ದ ಆ ಕೇಸಿನ ನೆರಳಿನಲ್ಲಿ ಇವತ್ತು ನಂಬದ ಈ ಹುಡುಗ ನಿಂತಿದ್ದಾನೆ. ನಾಶಿಕದ ಒಬ್ಬ ಶಿಕ್ಷಕರಿಗೂ ಹೀಗೇ ಆಯಿತು. ಪ್ರಾರ್ಥನೆಗೆ ನಿಲ್ಲುತ್ತಿದ್ದರು, ಕೈ ಜೋಡಿಸುತ್ತಿರಲಿಲ್ಲ ಎಂದು ಅವರ ಸಂಬಳದ ಬಡ್ತಿ ತಡೆದರು. 2013ರಲ್ಲಿ ಬಾಂಬೆ ಹೈಕೋರ್ಟು ಶಿಕ್ಷಕರ ಪರ ನಿಂತಿತು.”

ಮಾಷ್ಟ್ರು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಸಂವಿಧಾನದಲ್ಲಿ ನೇರವಾಗಿ ಎಂತ ಬರೆದಿದೆ ಎಂದು ಕೇಳಿದರು.

ಬರೆದಿರುವುದು 28ನೆಯ ವಿಧಿಯಲ್ಲಿ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲವೇ ಇಲ್ಲ. ದತ್ತಿಯಿಂದ ಹುಟ್ಟಿ, ಧರ್ಮಬೋಧೆ ನಡೆಯಬೇಕೆಂಬ ಷರತ್ತಿರುವ ಸಂಸ್ಥೆಯನ್ನು ಸರ್ಕಾರ ನೋಡಿಕೊಳ್ಳುತ್ತಿದ್ದರೆ ಅಲ್ಲಿ ವಿನಾಯಿತಿ. ಇನ್ನು ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಗಳು. ಮಠ, ಇಗರ್ಜಿ, ಜಮಾತ್, ಟ್ರಸ್ಟ್ ಯಾರೇ ನಡೆಸಲಿ. ಅಲ್ಲಿ ಧಾರ್ಮಿಕ ಬೋಧನೆ ಇರಬಹುದು, ಪೂಜೆಯೂ ಇರಬಹುದು. ಆದರೆ ಭಾಗವಹಿಸು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ವಿದ್ಯಾರ್ಥಿಯ ಸಮ್ಮತಿ ಬೇಕು, ಅಪ್ರಾಪ್ತ ವಯಸ್ಸಿನವರಾದರೆ ಪೋಷಕರದ್ದು.

“ಇಂಗ್ಲೆಂಡಿನಲ್ಲಿ 1944ರ ಕಾಯಿದೆ ಸಾಮೂಹಿಕ ಪ್ರಾರ್ಥನೆಯನ್ನು ಶಾಲೆಗೆ ಕಡ್ಡಾಯ ಮಾಡಿತು, ಬೇಡ ಎನ್ನುವ ಪೋಷಕರು ಕೇಳಿಕೊಂಡರೆ ಮಗುವಿಗೆ ಬಿಡುವು. ನಮ್ಮದರಲ್ಲಿ ಇದು ತಿರುಗಮುರುಗ. ಇಲ್ಲಿ ಹೊರಗೆ ನಿಲ್ಲುವವನು ಅರ್ಜಿ ಹಾಕಬೇಕಾಗಿಲ್ಲ. ಒಳಗೆ ಕರೆಯುವ ಶಾಲೆಯೇ ಮೊದಲು ಕೇಳಬೇಕು. ನಿಮ್ಮ ಶಾಲೆ ಆ ಅಪ್ಪನನ್ನು ಯಾವತ್ತಾದರೂ ಕೇಳಿದೆಯಾ?”

“ಇಲ್ಲ,” ಎಂದರು ಮಾಷ್ಟ್ರು. “ಯಾರೂ ಕೇಳುವ ಕ್ರಮ ಇಲ್ಲ. ಆದರೆ ನಾವು ಹಾಡಿಸುವುದು ಎಲ್ಲರಿಗೂ ಆಗುವ ಪ್ರಾರ್ಥನೆ. ಅದೂ ಪೂಜೆಯಾ?”

ಇದಕ್ಕೆ ಆಕೆಯಲ್ಲಿ ಗಟ್ಟಿ ಉತ್ತರವಿರಲಿಲ್ಲ. ಕೇಂದ್ರೀಯ ವಿದ್ಯಾಲಯಗಳ ಸಂಸ್ಕೃತ ಪ್ರಾರ್ಥನೆ ಧಾರ್ಮಿಕ ಬೋಧನೆಯೇ ಅಲ್ಲವೇ ಎಂಬ ಪ್ರಶ್ನೆಯೇ ಸುಪ್ರೀಂ ಕೋರ್ಟಿಗೆ ಹೋಗಿದೆ. 2019ರ ಜನವರಿಯಲ್ಲಿ ಅದನ್ನು ದೊಡ್ಡ ಪೀಠಕ್ಕೆ ಕಳಿಸಲಾಯಿತು. ಕಾನೂನಿಗೇ ಕಷ್ಟವಾದ ಗೆರೆಯನ್ನು ಹನ್ನೆರಡು ವರ್ಷದ ಹುಡುಗನ ಮೈಮೇಲೆ ಎಳೆಯಬೇಡಿ ಎಂಬುದಷ್ಟೇ ಆಕೆಯ ವಾದ. ಮಾತು ಅಲ್ಲಿಂದ ಉಡುಪಿಯ ಹಿಜಾಬ್ ವಿವಾದದತ್ತ ಹೊರಳಿತು. 2022ರ ಮಾರ್ಚಿನಲ್ಲಿ ಹೈಕೋರ್ಟು ಸಮವಸ್ತ್ರದ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಆ ತೀರ್ಪುಗಳ ಬಗ್ಗೆ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ. ತರಗತಿಯ ಹೊರಗೆ ಉಳಿದ ಹುಡುಗಿಯರ ಬಗ್ಗೆ ಮಾತ್ರ ಒಂದೇ: ಆ ವರ್ಷವನ್ನು ಅವರಿಗೆ ಯಾರೂ ವಾಪಸು ಕೊಡಲಾರರು.

ಪುಂಜಾಲಕಟ್ಟೆ ದಾಟಿದ ಮೇಲೆ ಮಾಷ್ಟ್ರು ತಮ್ಮ ನೆಲದ ಮಾತಿಗೆ ಬಂದರು.

“ನಮ್ಮ ಊರಿನವರಿಗೆ ಸಹನೆ ಕಲಿಸಬೇಕಾ ಮಾರಾಯ್ತಿ? ಧರ್ಮಸ್ಥಳವನ್ನೇ ನೋಡು. ದೇವರು ಮಂಜುನಾಥ, ಅರ್ಚಕರು ಮಾಧ್ವರು, ಧರ್ಮಾಧಿಕಾರಿಗಳು ಜೈನರು. ಲಕ್ಷದೀಪದ ಹೊತ್ತಿನಲ್ಲಿ ಸರ್ವಧರ್ಮ ಸಮ್ಮೇಳನ ಶುರುವಾದದ್ದು 1933ರಲ್ಲಿ, ಸಂವಿಧಾನ ಹುಟ್ಟುವ ಮೊದಲೇ. ಬ್ಯಾರಿ ಮಕ್ಕಳು ಬೆಳಗ್ಗೆ ಮದರಸಕ್ಕೆ ಹೋಗಿ, ಅಲ್ಲಿಂದ ನಮ್ಮ ಶಾಲೆಗೆ ಬಂದು ಕನ್ನಡ ಪದ್ಯ ಹೇಳ್ತಾರೆ. ಇದೆಲ್ಲ ಯಾರೂ ಆದೇಶ ಹೊರಡಿಸಿ ಆದದ್ದಲ್ಲ.”

“ಅದು ಸಣ್ಣ ಸಂಗತಿಯಲ್ಲ, ಒಪ್ತೇನೆ. ಆದರೆ ಅಲ್ಲೆಲ್ಲ ಒಂದು ಧರ್ಮದವರು ಇನ್ನೊಂದು ಧರ್ಮದವರಿಗೆ ಕುರ್ಚಿ ಹಾಕುವುದು. ಧರ್ಮವೇ ಬೇಡ ಎನ್ನುವವನಿಗೆ ಕುರ್ಚಿ ಎಲ್ಲಿ? 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಹಿಂದೂಗಳು ನೂರಕ್ಕೆ 67, ಮುಸ್ಲಿಮರು 24, ಕ್ರೈಸ್ತರು 8. ನನ್ನಂಥವರು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ದೇಶಕ್ಕೆಲ್ಲ ಸೇರಿ ಧರ್ಮ ಹೇಳದವರು ನೂರಕ್ಕೆ ಕಾಲು ಪಾಲೂ ಇಲ್ಲ. ಇಷ್ಟು ಕಡಿಮೆ ಇರುವವರ ಮಗು ಶಾಲೆಯಲ್ಲಿ ಒಂಟಿ.”

“ಒಂಟಿ ಎನ್ನಬೇಡ. ಈ ಜಿಲ್ಲೆ ಶಿವರಾಮ ಕಾರಂತರನ್ನು ಕಂಡಿದೆ. ದೇವರ ವಿಷಯದಲ್ಲಿ ಅವರು ಯಾರಿಗೂ ತಲೆಬಾಗಿದವರಲ್ಲ. ಆದರೂ ಪುರಾಣವೇ ಉಸಿರಾದ ಯಕ್ಷಗಾನಕ್ಕೆ ಆಯುಷ್ಯ ತೇದರು. ‘ಯಕ್ಷಗಾನ ಬಯಲಾಟ’ಕ್ಕೆ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ. ಅವರಿಗೆ ನಂಬಿಕೆ ಇಲ್ಲ ಎಂದು ಯಾವ ಭಾಗವತರೂ ಪದ ನಿಲ್ಲಿಸಲಿಲ್ಲ.”

ಈ ಉದಾಹರಣೆ ಇಬ್ಬರಿಗೂ ಬೇಕಾದದ್ದೇ. ನಂಬದವನೂ ನಂಬಿಕೆಯ ಕಲೆಯನ್ನು ಪ್ರೀತಿಸಬಹುದು, ಅದರ ಬಗ್ಗೆ ನಂಬುವವರಿಗಿಂತ ಹೆಚ್ಚು ತಿಳಿದಿರಬಹುದು. ಹಾಗೆಂದು ಕಾರಂತರ ಎತ್ತರದ ಮನುಷ್ಯನಿಗೆ ಸಿಕ್ಕ ಗೌರವ ಊರಿನ ಸಾಮಾನ್ಯ ಅವಿಶ್ವಾಸಿಗೂ ಸಿಗುತ್ತದೆ ಎಂದು ತಿಳಿಯುವುದು ಸುಲಭದ ಸಮಾಧಾನ. ಹೆಸರು ಮಾಡಿದವನ ನಾಸ್ತಿಕತೆಯನ್ನು ಸಮಾಜ ಸಹಿಸುತ್ತದೆ. ಏಳನೆಯ ತರಗತಿಯವನಿಗೆ ಆ ರಕ್ಷಣೆ ಇಲ್ಲ.

ಕೋರ್ಟಿನ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಗುರುವಾಯನಕೆರೆಯಿಂದ ವೇಣೂರಿನ ಕಡೆ ತಿರುಗಿದಾಗ ವಕೀಲೆ ತಮ್ಮ ಮನೆಯ ಒಂದು ಸಂಗತಿ ಹೇಳಿದರು. ನಾಗರ ಪಂಚಮಿಯ ಮರುದಿನ ಅವರ ಮಗ ತರಗತಿಯಲ್ಲಿ ಗೆಳತಿಯೊಬ್ಬಳಿಗೆ, ಹಾವು ಹಾಲು ಕುಡಿಯುವುದಿಲ್ಲ, ನಿಮ್ಮ ಮನೆಯವರಿಗೆ ಅಷ್ಟೂ ಗೊತ್ತಿಲ್ಲ ಎಂದು ಎಲ್ಲರ ಎದುರು ಹೇಳಿ ನಕ್ಕ. ಹುಡುಗಿ ಅತ್ತಳು. ಶಿಕ್ಷಕಿ ಮನೆಗೆ ಹೇಳಿಕಳಿಸಿದರು.

“ನೀನು ಎಂತ ಮಾಡಿದೆ?”

“ಹಾವು ಹಾಲು ಕುಡಿಯುವುದಿಲ್ಲ ಎಂಬುದು ಸರಿ ಎಂದೆ. ನಕ್ಕದ್ದು ತಪ್ಪು ಎಂದೆ. ಎರಡನ್ನೂ ಒಟ್ಟಿಗೆ ಹೇಳುವುದು ಕಷ್ಟ ಮಾಷ್ಟ್ರೇ. ಮೊದಲನೆಯದು ಅವನಿಗೆ ಕೂಡಲೇ ಅರ್ಥವಾಯಿತು.”

ಮಾಷ್ಟ್ರು ಈ ಪಾಠವನ್ನು ವರ್ಷಗಟ್ಟಲೆ ಮಾಡಿದವರು. ಹಾವು ಮಾಂಸಾಹಾರಿ, ಇಲಿ ಕಪ್ಪೆ ಅದರ ಆಹಾರ, ಹಾಲು ಅಲ್ಲ ಎಂದು ಕಪ್ಪುಹಲಗೆಯಲ್ಲಿ ಬರೆಯುತ್ತಿದ್ದರಂತೆ. ತಾವು ಬನದಲ್ಲಿ ಕಲ್ಲಿಗೆ ಹಾಲೆರೆದು ಬಂದ ಮರುದಿನವೂ. ಒಬ್ಬ ಹುಡುಗ ಎದ್ದು ನಿಂತು ಹಾಗಾದರೆ ನೀವು ಯಾಕೆ ಹಾಲು ಹಾಕ್ತೀರಿ ಎಂದು ಕೇಳಿದ್ದನಂತೆ.

“ನಾನು ಹೇಳಿದೆ, ಹಾವಿಗೆ ಆಹಾರ ಅಂತ ಹಾಕುವುದಲ್ಲ, ನನ್ನ ಹಿರಿಯರು ಹಾಕಿದ ಜಾಗದಲ್ಲಿ ನಾನೂ ಹಾಕ್ತೇನೆ. ಅದು ನನ್ನ ಮನೆಯ ವಿಷಯ. ನೀನು ಪರೀಕ್ಷೆಯಲ್ಲಿ ಬರೆಯಬೇಕಾದ್ದು ಇಲಿ, ಕಪ್ಪೆ. ಅವನಿಗೆ ಸಮಾಧಾನ ಆಯಿತೋ ಇಲ್ಲವೋ, ಕೇಳಿದ್ದಕ್ಕೆ ನಾನು ಬೈಯಲಿಲ್ಲ.”

ಹಾವಿನ ವಿಷಯಕ್ಕೆ ಬಂಟ್ವಾಳದವರು ಇನ್ನೊಬ್ಬ ಶಿಕ್ಷಕರನ್ನು ನೆನೆಯಬೇಕು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳಲ್ಲಿ ಪಾಠ ಮಾಡಿದವರು, ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ನಾಗರಹಾವಿನ ಪದ್ಯದಲ್ಲಿ ಮಗು ಕೈ ಮುಗಿಯುತ್ತದೆ, ಕರೆಯುತ್ತದೆ, ಬೆರಗಿನಿಂದ ನೋಡುತ್ತದೆ, ಕೊನೆಗೆ ಹೊರಗೆ ಹೋಗು ಎಂದು ಬೇಡಿಕೊಳ್ಳುತ್ತದೆ. ಭಕ್ತಿಯೂ ಕುತೂಹಲವೂ ಭಯವೂ ಒಂದೇ ಮಗುವಿನಲ್ಲಿ. ಬನಕ್ಕೆ ಹೋಗುವ ಮಗುವೂ ಹೋಗದ ಮಗುವೂ ಅದನ್ನು ಒಟ್ಟಿಗೆ ಹಾಡಿ ಬೆಳೆದಿವೆ. ಶಾಲೆಗೆ ಬೇಕಾದ ಪಾಠ ಇಂಥದ್ದು ಎಂದು ನನ್ನ ನಂಬಿಕೆ.

“ಆದರೆ ಒಂದು ಕಡೆ ನಾನು ಸಹನೆ ತೋರಿಸುವುದಿಲ್ಲ,” ಎಂದರು ಮಾಷ್ಟ್ರು. ದನಿ ಬಿಗಿಯಾಯಿತು. “ಹಾವು ಕಚ್ಚಿದರೆ ಮಂತ್ರ ಹಾಕಿಸುವವರ ಮನೆಗೆ ಹೋಗುವ ಅಭ್ಯಾಸ. ಅಲ್ಲಿ ನಂಬಿಕೆಗೆ ನೋವಾಗ್ತದೆ ಅಂತ ಬಾಯಿ ಮುಚ್ಚಿ ಕೂತರೆ ನಾನು ಶಿಕ್ಷಕನೇ ಅಲ್ಲ.”

ಅವರ ಬಿಗಿತಕ್ಕೆ ಕಾರಣವಿದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ, ವರ್ಷಕ್ಕೆ 58 ಸಾವಿರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಮದ್ದು ಎಂದರೆ ಪ್ರತಿವಿಷ, ಅದು ಸಿಗುವುದು ಆಸ್ಪತ್ರೆಯಲ್ಲಿ. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂಬ 51ಎ ವಿಧಿಯ ಮಾತು 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿ ಕಟ್ಟಿದರು. ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದ ಆ ಗಾಂಧಿವಾದಿ ಪ್ರಶ್ನೆ ಕೇಳುವುದನ್ನೂ ಸರಳವಾಗಿ ಬಾಳುವುದನ್ನೂ ಒಟ್ಟಿಗೆ ಕಲಿಸಿದರು.

ಮನೆಯ ಪೂಜೆ ಮನೆಯದ್ದು, ಜೀವದ ಪ್ರಶ್ನೆ ಬಂದಲ್ಲಿ ಶಾಲೆ ಖಡಾಖಂಡಿತ. ಈ ಗೆರೆಯನ್ನು ಎಳೆದವರು ಕಾರಿನಲ್ಲಿದ್ದ ಭಕ್ತರೇ ಎಂಬುದನ್ನು ಗಮನಿಸಬೇಕು.

ವೇಣೂರಿನಲ್ಲಿ 1604ರ ಬಾಹುಬಲಿಯ ಎದುರು ಒಂದು ಶಾಲೆಯ ಪ್ರವಾಸದ ಬಸ್ಸು ನಿಂತಿತ್ತು. ತಲೆಗೆ ಶಾಲು ಸುತ್ತಿದ ಹುಡುಗಿಯರೂ ಕುಂಕುಮದ ಹುಡುಗಿಯರೂ ಒಂದೇ ಗುಂಪಾಗಿ 35 ಅಡಿಯ ಮೂರ್ತಿಯನ್ನು ತಲೆಯೆತ್ತಿ ನೋಡುತ್ತಿದ್ದರು. ಇದಕ್ಕೆ ನಿನ್ನ ಆಕ್ಷೇಪ ಉಂಟಾ ಎಂದು ಮಾಷ್ಟ್ರು ಕೇಳಿದರು.

“ಖಂಡಿತ ಇಲ್ಲ. ಧರ್ಮವನ್ನು ಕಲಿಸುವುದು ಬೇರೆ, ಧರ್ಮದ ಬಗ್ಗೆ ಕಲಿಸುವುದು ಬೇರೆ. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟೇ ಈ ವ್ಯತ್ಯಾಸ ಮಾಡಿ, ಎಲ್ಲ ಧರ್ಮಗಳ ಪರಿಚಯ ಪಠ್ಯದಲ್ಲಿ ಇರಬಹುದು ಎಂದಿತು. ನಂಬದ ಮಕ್ಕಳಿಗೂ ಇದು ಬೇಕು. ಬಸದಿ ಗೊತ್ತಿಲ್ಲದೆ ಮೂಡಬಿದಿರೆ ಗೊತ್ತಾಗುವುದು ಹೇಗೆ?”

ತವರೂರು ಹತ್ತಿರವಾದಂತೆ ಆಕೆಯ ಮಾತಿಗೆ ಬಿಸಿಯೇರಿತು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಭೈರಾದೇವಿ ಮಂಟಪದ ಬುಡದ ಕೆತ್ತನೆ ನೋಡಬೇಕು. ಅಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಆಫ್ರಿಕಾದ ಪ್ರಾಣಿ, ಚೀನಾದ ಕಲ್ಪನೆ ಈ ಕಾಡಿನ ನಡುವಿನ ಊರಿಗೆ ಹೇಗೆ ಬಂದವು ಎಂದು ಮಕ್ಕಳನ್ನು ಕೇಳಿದರೆ ಕರಾವಳಿಯ ಮೆಣಸು, ಹಡಗು, ವ್ಯಾಪಾರ, ವಿಜಯನಗರ ಎಲ್ಲವೂ ಬಾಯಿ ಬಿಡುತ್ತವೆ. ಜೈನರು ಸೃಷ್ಟಿಕರ್ತ ದೇವರನ್ನು ಒಪ್ಪುವವರಲ್ಲ ಎಂಬುದನ್ನೂ ಅಲ್ಲೇ ಹೇಳಬಹುದು. ಜಗತ್ತನ್ನು ಯಾರೂ ಸೃಷ್ಟಿಸಿಲ್ಲ ಎನ್ನುವವರು ಈ ನೆಲದಲ್ಲಿ ನಿನ್ನೆ ಮೊನ್ನೆ ಬಂದವರಲ್ಲ, ಆರುನೂರು ವರ್ಷದ ಕಲ್ಲುಕಂಬಗಳನ್ನು ನಿಲ್ಲಿಸಿ ಹೋಗಿದ್ದಾರೆ ಎಂದು ತಿಳಿದ ಮಗು, ಪಕ್ಕದ ಬೆಂಚಿನ ಅವಿಶ್ವಾಸಿಯನ್ನು ಬೇರೆ ಕಣ್ಣಿನಿಂದ ನೋಡೀತು.

ಮೂಡಬಿದಿರೆಯಲ್ಲಿ ಇನ್ನೂ ದೊಡ್ಡ ಪಾಠವಿದೆ. ಜೈನರ ಧರ್ಮಗ್ರಂಥ ಷಟ್ಖಂಡಾಗಮದ ಮೇಲಿನ ಧವಲಾ ಮತ್ತು ಅದರ ಜೊತೆಯ ಟೀಕೆಗಳ ಹಳೆಯ ತಾಳೆಗರಿಗಳು ಉಳಿದದ್ದು ಇಲ್ಲಿನ ಬಸದಿಯಲ್ಲಿ, ಕನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ. ಭಕ್ತರು ಬಂದು ಕೈಮುಗಿದು ಹೋಗುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾಯಿತು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಚ್ಚಾಗಿ ಹೊರಬಂದವು. ಪೂಜೆಯ ಪುಸ್ತಕ ಓದಿನ ಪುಸ್ತಕವೂ ಆಯಿತು. ಅದನ್ನು ತೆರೆಸಿದವರು ನಾಸ್ತಿಕರಲ್ಲ, ಶ್ರದ್ಧೆಯುಳ್ಳ ಜೈನರೇ. ಕಾಪಾಡಿದವರ ಭಕ್ತಿ ಇಲ್ಲದಿದ್ದರೆ ಓದುವುದಕ್ಕೆ ಗರಿಗಳೇ ಇರುತ್ತಿರಲಿಲ್ಲ ಎಂದು ಮಾಷ್ಟ್ರು ಸೇರಿಸಿದರು. ವಕೀಲೆ ತಕರಾರಿಲ್ಲದೆ ತಲೆಯಾಡಿಸಿದರು.

ತವರುಮನೆಯಲ್ಲಿ ಕಾಫಿ ಕುಡಿಯುತ್ತಾ ಶಾಲೆಯ ಊಟದ ಮಾತು ಬಂತು. ಮಾಷ್ಟ್ರಿಗೆ 2017ರ ಆಗಸ್ಟ್ ಇನ್ನೂ ನೋವಿನ ನೆನಪು. ಕೊಲ್ಲೂರು ಮೂಕಾಂಬಿಕೆಯ ಕ್ಷೇತ್ರದಿಂದ ಕಲ್ಲಡ್ಕ ಮತ್ತು ಪುಣಚದ ಎರಡು ಖಾಸಗಿ ಶಾಲೆಗಳ ಮಕ್ಕಳ ಊಟಕ್ಕೆ ಬರುತ್ತಿದ್ದ ನೆರವನ್ನು ರಾಜ್ಯ ಸರ್ಕಾರ ಆಗ ನಿಲ್ಲಿಸಿತು. ಆ ಶಾಲೆಗಳ ಸಿದ್ಧಾಂತದ ಬಗ್ಗೆ ಯಾರಿಗೆ ಎಂತ ಅಭಿಪ್ರಾಯವೇ ಇರಲಿ, ತಟ್ಟೆಯ ಎದುರು ಕೂತ ಮಗುವಿಗೆ ಸಿದ್ಧಾಂತ ಇಲ್ಲ ಎಂದರು. ವಕೀಲೆಯ ಪ್ರಶ್ನೆ ಬೇರೆ: ಎಲ್ಲರ ಕಾಣಿಕೆ ಸೇರುವ ಮುಜರಾಯಿ ದೇವಸ್ಥಾನದ ಹಣ ಯಾವ ಶಾಲೆಗೆ ಎಂದು ಆರಿಸುವವರು ಯಾರು? ಇಬ್ಬರೂ ಪಟ್ಟು ಬಿಡಲಿಲ್ಲ. ಆದರೆ ಮೊಟ್ಟೆಯ ವಿಷಯದಲ್ಲಿ ಬೇಗ ಕೂಡಿಕೊಂಡರು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಯೋಜನೆಯಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಮೊಟ್ಟೆಯೇ ಬೇಡ ಎಂದು ಪಟ್ಟು ಹಿಡಿದಿದ್ದರು. ಮಕ್ಕಳು ಮಾತ್ರ ಒಂದೇ ಸಾಲಿನಲ್ಲಿ ಕೂತು ತಮ್ಮದನ್ನು ತಾವು ತಿನ್ನುತ್ತಾರೆ.

“ನನ್ನ ಅಕ್ಕನ ಮಗಳು ಬಾಳೆಹಣ್ಣಿನ ಕಡೆ,” ಎಂದರು ವಕೀಲೆ. “ಯಾಕೆ ಅಂತ ಅವಳನ್ನು ಯಾರೂ ಎದ್ದು ನಿಲ್ಲಿಸಿ ಕೇಳುವುದಿಲ್ಲ. ಆ ಹುಡುಗನಿಗೂ ನಾನು ಕೇಳುವುದು ಅಷ್ಟೇ.”

“ಹರೇಕಳದ ಹಾಜಬ್ಬ ಕಿತ್ತಳೆ ಮಾರಿ ಊರಿಗೆ ಸರ್ಕಾರಿ ಶಾಲೆ ತಂದದ್ದು ನೆನಪುಂಟಲ್ಲ?” ಎಂದರು ಮಾಷ್ಟ್ರು. “ಅದು ಶುರುವಾದದ್ದು ಮದರಸದ ಕೋಣೆಯಲ್ಲಿ. ಧರ್ಮದವರು ಜಾಗ ಕೊಟ್ಟರು, ಶಾಲೆ ಎಲ್ಲರದ್ದಾಯಿತು. ಜಾಗ ಕೊಡುವುದು ಹಾಗೆ.”

ಅಲ್ಲಿಗೆ ಮಾಷ್ಟ್ರು ಕಿಸೆಯಿಂದ ಕಾಗದ ತೆಗೆದರು. ನಿಮ್ಮ ಮಗ ಸಾಲಿನಲ್ಲಿ ಶಾಂತವಾಗಿ ನಿಂತರೆ ಸಾಕು, ಕೈ ಮುಗಿಯುವುದೂ ಹಾಡುವುದೂ ಅವನಿಗೆ ಬಿಟ್ಟದ್ದು ಎಂದು ಬರೆದರು. ಅದರ ಕೆಳಗೆ, ಅವನೂ ಬೇರೆಯವರ ಪ್ರಾರ್ಥನೆಯನ್ನು ಗೇಲಿ ಮಾಡದಂತೆ ನೋಡಿಕೊಳ್ಳಬೇಕು ಎಂದು ಸೇರಿಸಲು ಹೊರಟಾಗ ವಕೀಲೆ ತಡೆದರು. ಅವನು ಗೇಲಿ ಮಾಡಿಲ್ಲ, ಮಾಡದ ತಪ್ಪಿಗೆ ಎಚ್ಚರಿಕೆ ಯಾಕೆ? ಬೇಕಾದರೆ ಎಲ್ಲ ಮಕ್ಕಳಿಗೂ ಒಂದೇ ನಿಯಮವಾಗಲಿ: ಯಾರ ಪೂಜೆಯನ್ನೂ, ಯಾರ ಪೂಜೆ ಮಾಡದಿರುವುದನ್ನೂ ಹಾಸ್ಯ ಮಾಡಬಾರದು. ಮಾಷ್ಟ್ರು ಆ ಸಾಲನ್ನು ಪತ್ರದಿಂದ ತೆಗೆದು ಸೂಚನಾ ಫಲಕಕ್ಕೆ ಎಂದು ಬೇರೆ ಬರೆದುಕೊಂಡರು. ಮುಂದಿನ ವರ್ಷದ ಪ್ರವೇಶ ಅರ್ಜಿಯಲ್ಲಿ ಪ್ರಾರ್ಥನೆ ಮತ್ತು ಪೂಜೆಯ ಬಗ್ಗೆ ಪೋಷಕರ ಸಮ್ಮತಿ ಕೇಳುವ ಒಂದು ಪ್ರಶ್ನೆ ಇರಬೇಕೆಂಬುದಕ್ಕೂ ಒಪ್ಪಿದರು.

ತೊಡಕು ಬಂದದ್ದು ಆಮೇಲೆ. ಪೋಷಕರ ಸಹಿಯ ಕೆಳಗೆ ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳ ಸಹಿಗೂ ಒಂದು ಗೆರೆ ಇರಲಿ ಎಂದು ವಕೀಲೆ ಹೇಳಿದರು. ನಂಬದ ಮನೆಯ ಮಗು ದೇವರನ್ನು ನಂಬಬಹುದು, ನಂಬುವ ಮನೆಯ ಹುಡುಗಿ ಬೇಡ ಎನ್ನಬಹುದು.

“ಕಾನೂನಿನಲ್ಲಿ ಪೋಷಕರ ಮಾತೇ ನಡೆಯುವುದು ಅಂತ ನೀನೇ ಹೇಳಿದ್ದಲ್ವಾ?”

“ಕಾನೂನು ಹಾಗೆ ಹೇಳ್ತದೆ. ಮಗುವನ್ನೂ ಕೇಳಬೇಡಿ ಎಂದು ಹೇಳುವುದಿಲ್ಲ.”

ಮಾಷ್ಟ್ರು ಗೆರೆ ಹಾಕಿದರು, ಮತ್ತೆ ಪೆನ್ನು ಎತ್ತಿ ಹಿಡಿದರು. “ಎರಡು ಸಹಿ ಬೇರೆ ಬೇರೆ ಆದರೆ?”

“ನೀವು ಮುಖ್ಯೋಪಾಧ್ಯಾಯರಾಗಿದ್ದರೆ ಎಂತ ಮಾಡ್ತಿದ್ದಿರಿ?”

“ಮನೆಗೆ ಹೋಗಿ ಅಪ್ಪ ಅಮ್ಮನ ಹತ್ತಿರ ಮಾತಾಡ್ತಿದ್ದೆ. ಒಂದು ಸಲ ಅಲ್ಲ, ಅವರಿಗೆ ಮಗುವಿನ ಮಾತು ಕೇಳುವವರೆಗೆ.”

“ಎಲ್ಲ ಮುಖ್ಯೋಪಾಧ್ಯಾಯರೂ ಹಾಗೆ ಹೋಗುವವರಲ್ಲ.”

“ಹೋಗದಿದ್ದರೆ ಮಂಡಳಿಯಲ್ಲಿ ನಾನುಂಟು. ನನ್ನಿಂದಲೂ ಆಗದಿದ್ದರೆ ಬಿ.ಸಿ.ರೋಡಿನಲ್ಲಿ ನೀನು ಇದ್ದೀಯಲ್ಲ, ಆ ಹುಡುಗಿಯನ್ನು ನಿನ್ನ ಹತ್ತಿರ ಕಳಿಸ್ತೇನೆ.”